ಪಟ್ಟಿಯ ಮೊದಲ ಹೆಸರು

ಭಾನುವಾರ, ಮಾರ್ಚ್ ೧೪
ಮಧ್ಯಾಹ್ನ

ಪ್ರೀತಿಯ ಹಬೆರಾಣಿ,

ನಿನ್ನ ಪತ್ರ ಗುರುವಾರ ಲಾಂಡ್ರಿಯ ವಿಳಾಸಕ್ಕೇ ಬಂತು. ಕೌಂಟರಿನ ಮೇಲೆ ಮೂರು ಮನೆಯವರ ಬಟ್ಟೆ ಗುಡ್ಡೆ ಬಿದ್ದಿತ್ತು. ಅದರ ಮೇಲೆಯೇ ಬಿಡಿಸಿ ಓದಿದೆ. ನೀನು ಹೋದ ಮೇಲೆ ಇಸ್ತ್ರಿ ಪ್ರೆಸ್ಸಿನ ಮುಂದೆ ನಾಲ್ಕು ಜನ ಬಂದು ನಿಂತರು, ನಾಲ್ವರೂ ಬಿಟ್ಟುಹೋದರು. ಯಾರಿಗೂ ಅಡ್ಡಹೆಸರು ಇಡುವಷ್ಟು ಹೊತ್ತು ಸಿಗಲಿಲ್ಲ. ಹಬೆಯೊಳಗಿಂದ ಕೆಂಪು ಮುಖ ಮಾಡಿಕೊಂಡು ಹೊರಬಂದು ಧಣಿಯನ್ನೂ ಗದರಿಸುವ ರಾಣಿ ಇನ್ನೊಬ್ಬಳು ಹುಟ್ಟಬೇಕಷ್ಟೆ. ನಾನು ಮಾತ್ರ ಅದೇ ಚೀಟಿಯಕ್ಕ. ಬಂದ ಬಟ್ಟೆಗೆ ಗುರುತಿನ ಚೀಟಿ ಚುಚ್ಚುತ್ತೇನೆ, ಒಳಗೆ ಕಳಿಸುತ್ತೇನೆ.

ನೀವಿಬ್ಬರೂ ಈ ಊರಿಗೇ ಮರಳಿ ಬರುತ್ತಿದ್ದೀರಿ ಎಂದು ಓದಿ ನಿಜಕ್ಕೂ ಖುಷಿಯಾಯಿತು. ನಿಮ್ಮವರು ಈಗ ಕುಳಿತಲ್ಲೇ ಅಂಗಡಿ ಬೋರ್ಡು ಬರೆಯುವುದನ್ನು ಕಲಿತಿದ್ದಾರೆ ಎಂದು ಬರೆದಿದ್ದೀಯ. ಚೂಟಿಗೆ ಹೇಳಿದೆ. ಮಗಳು ಕೂಡಲೇ, "ಬಣ್ಣದ ಮಾಮ ನನ್ನ ರೂಮಿನ ಬಾಗಿಲಿಗೂ ಒಂದು ಬೋರ್ಡು ಬರ್ಕೊಡ್ತಾರಾ?" ಎಂದಳು. ರೂಮಾದರೂ ಎಲ್ಲಿದೆ ಅವಳಿಗೆ! ಬೀರುವಿನ ಹಿಂದೆ ಒಂದು ಪರದೆ ಕಟ್ಟಿಕೊಟ್ಟಿದ್ದೇನೆ, ಅದೇ ರೂಮು.

ಪತ್ರದ ಕೊನೆಯಲ್ಲಿ ನೀನು ಕೇಳಿದ್ದೀಯಲ್ಲ, "ಆ ಡಾಕ್ಟರಮ್ಮನ ಹತ್ರ ಈಗಲಾದ್ರೂ ನಮಗೊಂದು ಜಾಗ ಸಿಗತ್ತಾ? ನೀನೇ ಒಂದು ಮಾತು ಕೇಳು, ನಿನ್ನ ಬಿಟ್ರೆ ಯಾರನ್ನ ಕೇಳಲಿ" ಎಂದು. ಮೊದಲು ಅದಕ್ಕೆ ಉತ್ತರ ಹೇಳಿಬಿಡುತ್ತೇನೆ. ಜಾಗ ಇದೆ. ಕ್ಲಿನಿಕ್ಕಿಗೆ ಇನ್ನೊಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಬಂದಿದ್ದಾರೆ, ಪಟ್ಟಿ ಮತ್ತೆ ತೆರೆದಿದ್ದಾರೆ. ಅರ್ಜಿ ಈ ಲಕೋಟೆಯಲ್ಲೇ ಇದೆ. ಉಳಿದದ್ದನ್ನು ತುಂಬಿ, ಊರಿಗೆ ಬಂದ ದಿನ ಕೊಟ್ಟರೆ ಆಯಿತು.

ಇಲ್ಲಿಗೆ ಪತ್ರ ಮುಗಿಸಿ ಸಹಿ ಹಾಕಬಹುದಿತ್ತು. ನಿನ್ನೆ ಹಾಗೆಯೇ ಮುಗಿಸಿಯೂ ಇದ್ದೆ. ಅಂಟು ಹಚ್ಚಿದ ಲಕೋಟೆಯನ್ನು ಇವತ್ತು ಬೆಳಿಗ್ಗೆ ಮತ್ತೆ ಹರಿದೆ.

ನಾವಿಬ್ಬರೂ ಡಾಕ್ಟರಿಗಾಗಿ ಊರೆಲ್ಲ ಸುತ್ತಿದ್ದು ನಿನಗೆ ನೆನಪಿದೆಯಲ್ಲ? ಮುದುಕ ಡಾಕ್ಟರು ಬಾಗಿಲು ಹಾಕಿಕೊಂಡು ಮಗಳ ಮನೆಗೆ ಹೋದ ವರ್ಷ ಅದು. ಊಟದ ಬಿಡುವಿನಲ್ಲಿ ಅರ್ಧ ಗಂಟೆ ಸಿಗುತ್ತಿತ್ತು. ದಿನಕ್ಕೊಂದು ಬೀದಿ ಹಿಡಿದು ಬೋರ್ಡು ಹುಡುಕುತ್ತಿದ್ದೆವು. ಹಲ್ಲಿನವರು ಇಬ್ಬರು, ಕಣ್ಣಿನವರು ಒಬ್ಬರು, ಅವರೂ ವಾರಕ್ಕೆ ಒಂದೇ ದಿನ. ಇಡೀ ಮನುಷ್ಯನನ್ನು ನೋಡುವವರು ಯಾರೂ ಇಲ್ಲ. ಹಾಲಿನ ಡಿಪೋ ಹಿಂದೆ ಪಶುವೈದ್ಯರ ಬೋರ್ಡು ಕಂಡಾಗ ನೀನು ನನ್ನ ಕೈ ಎಳೆದು, "ಬಾ, ಕತ್ತೆ ಹಾಗೆ ದುಡಿಯೋರಿಗೆ ಇವರೇ ಸರಿ" ಎಂದೆ. ರಸ್ತೆಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕೊನೆಗೆ ಸಿಕ್ಕಿದ್ದು ಅಂಚೆ ಕಚೇರಿ ಪಕ್ಕದ ಮೆಟ್ಟಿಲು ಹತ್ತಿ ಹೋಗುವ ಆ ಕ್ಲಿನಿಕ್ಕು. ಡಾಕ್ಟರಮ್ಮ ಒಬ್ಬರೇ. ಅವರು ನೋಡಿಕೊಳ್ಳುವ ಕುಟುಂಬಗಳಿಗೆ ಲೆಕ್ಕವಿತ್ತು, ಆ ಲೆಕ್ಕ ತುಂಬಿಹೋಗಿತ್ತು. ಯಾರಾದರೂ ಊರು ಬಿಟ್ಟರೆ ಮಾತ್ರ ಮುಂದಿನವರಿಗೆ ಜಾಗ. ಕಾಯುವವರ ಪಟ್ಟಿ ಇಡುವ ಹೆಂಗಸಿಗೆ ನಾವು ಪಟ್ಟಿ ಮೇಡಂ ಎಂದೇ ಹೆಸರಿಟ್ಟೆವು. ಅವರ ಮೇಜಿನ ಮುಂದೆ ನೀನು ನನ್ನ ಕಡೆ ತಿರುಗಿ ಕೇಳಿದೆ: "ಮೊದ್ಲು ನಿನ್ನ ಹೆಸರು ಬರೆಸ್ಲಾ? ನಿಂಗೆ ಮಗು ಇದೆ, ಉಬ್ಬಸ ಬೇರೆ." ನಾನು ಬಿಗುಮಾನಕ್ಕೆ, "ಯಾರದ್ದಾದ್ರೇನು, ಬರೆಸು ನಿಂದೇ" ಎಂದೆ. ಹಾಗಾಗಿ ನಿನ್ನದು ಮೊದಲ ಹೆಸರು, ನನ್ನದು ಎರಡನೆಯದು. ಆವತ್ತು "ಹೂಂ" ಎಂದಿದ್ದರೆ ಮುಗಿಯುತ್ತಿತ್ತು. ನೀನೇ ಕೊಟ್ಟಿದ್ದನ್ನು ಬೇಡವೆಂದು, ಆಮೇಲೆ ಅದನ್ನೇ ನಾನು ಕದ್ದೆ.

ಹೌದು, ಕದ್ದೆ. ಹೇಗೆಂದು ಹೇಳುತ್ತೇನೆ, ಓದು.

ಯಂತ್ರದ ಹತ್ತಿರ ಮೊಬೈಲು ಇಟ್ಟುಕೊಳ್ಳಬಾರದು ಎಂದು ಧಣಿಯ ಕಟ್ಟಪ್ಪಣೆ ಇತ್ತು. ಅದಕ್ಕೆ ನಾವಿಬ್ಬರೂ ಪಟ್ಟಿಯಲ್ಲಿ ಲಾಂಡ್ರಿ ಕೌಂಟರಿನ ಫೋನ್ ನಂಬರನ್ನೇ ಬರೆಸಿದ್ದೆವು. "ನೀನಿದೀಯಲ್ಲ, ಎತ್ಕೋತೀಯ" ಎಂದಿದ್ದೆ ನೀನು. ಐದು ತಿಂಗಳಾದ ಮೇಲೆ ಒಂದು ಮಂಗಳವಾರ ಹನ್ನೊಂದು ಗಂಟೆ ಹೊತ್ತಿಗೆ ಆ ಫೋನು ಬಂತು. ಪಟ್ಟಿ ಮೇಡಂ ನಿನ್ನ ಹೆಸರು ಹೇಳಿ, "ಒಂದು ಜಾಗ ಖಾಲಿ ಆಗಿದೆ. ನಾಳೆ ಐದು ಗಂಟೆ ಒಳಗೆ ಬಂದು ಅರ್ಜಿ ತುಂಬೋಕೆ ಹೇಳಿ. ಬರದೇ ಹೋದ್ರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗತ್ತೆ" ಎಂದರು. ನಾನು, "ಹೇಳ್ತೀನಿ" ಎಂದೆ.

ಹೇಳಲೆಂದೇ ಎದ್ದೆ. ಚೀಟಿಯ ಮೇಲೆ "ಕ್ಲಿನಿಕ್, ನಾಳೆ ಐದು" ಎಂದು ಬರೆದೂ ಇದ್ದೆ. ಕೌಂಟರಿನ ಹಿಂದಿನ ಗಾಜಿನ ಆಚೆ ನೀನು ಒಂದು ಹಾಸಿಗೆ ಹೊದಿಕೆಯ ಎರಡು ಮೂಲೆ ಹಿಡಿದು ಜಗ್ಗುತ್ತಿದ್ದೆ. ಪ್ರೆಸ್ಸು ಬುಸ್ಸೆಂದಿತು, ಹಬೆ ನಿನ್ನನ್ನು ಮುಚ್ಚಿತು. ಆಗ ನನ್ನ ಮನಸ್ಸಿಗೆ ಬಂದದ್ದು ಇಷ್ಟೇ: ಮುಂದಿನ ಹೆಸರು ನನ್ನದು. ಚೀಟಿಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಕುಳಿತೆ. ಹಿಂದಿನ ರಾತ್ರಿ ಚೂಟಿಗೆ ಉಬ್ಬಸ ಹೆಚ್ಚಾಗಿ ನಾನು ಕಣ್ಣು ಮುಚ್ಚಿರಲಿಲ್ಲ, ತಾಯಿಯ ಕರುಳು ತಡೆಯಲಿಲ್ಲ.

ಇಗೋ, ನೋಡಿದೆಯಾ? ಈಗ ತಾನೇ ಬರೆದ ಸಾಲು ಸುಳ್ಳು. ಅವಳಿಗೆ ಆ ವಾರವೆಲ್ಲ ಏನೂ ಆಗಿರಲಿಲ್ಲ. ಆ ದಿನ ಶಾಲೆಯಲ್ಲಿ ಹಗ್ಗದಾಟದಲ್ಲಿ ಎರಡನೇ ಬಹುಮಾನ ತಂದಿದ್ದಳು. ತಪ್ಪೊಪ್ಪಿಕೊಳ್ಳುವಾಗಲೂ ನನ್ನ ಕೈ ಹೀಗೆ ತೇಪೆ ಹಾಕಲು ಹೋಗುತ್ತದೆ. ಹಾಳೆ ಬದಲಿಸುವುದಿಲ್ಲ, ಇರಲಿ. ಉಬ್ಬಸದ ಭಯ ನನಗಿದ್ದದ್ದು ನಿಜ. ಆದರೆ ಆ ಹೊತ್ತಿನಲ್ಲಿ ನನ್ನನ್ನು ಯಾವ ಆಪತ್ತೂ ತಳ್ಳಲಿಲ್ಲ. ಸುಮ್ಮನಿದ್ದರೆ ಸಿಗುತ್ತದೆ ಎಂದು ಕಂಡಿತು, ಸುಮ್ಮನಿದ್ದೆ.

ಮಧ್ಯಾಹ್ನ ಚಹಾ ಕುಡಿಯುವಾಗ ನೀನು ನನ್ನ ಪಕ್ಕದಲ್ಲೇ ಕುಳಿತು ಬೆರಳಿನ ಸುಟ್ಟ ಗಾಯಕ್ಕೆ ಪಟ್ಟಿ ಸುತ್ತಿಕೊಂಡೆ. ಮರುದಿನವೂ ಕುಳಿತೆ. ಗಡಿಯಾರದಲ್ಲಿ ಐದು ಹೊಡೆದಾಗ ನಾನು ಯಾರದೋ ಉಣ್ಣೆ ಕೋಟಿಗೆ ಚೀಟಿ ಚುಚ್ಚುತ್ತಿದ್ದೆ, ಪಿನ್ನು ಬೆರಳಿಗೆ ಚುಚ್ಚಿತು. ಗುರುವಾರ ಬೆಳಿಗ್ಗೆ ಅದೇ ಫೋನು, ಅದೇ ದನಿ. ಈ ಸಲ ನನ್ನ ಹೆಸರು. ನಾನು, "ಅಯ್ಯೋ, ಹೌದಾ!" ಎಂದು ಆಶ್ಚರ್ಯಪಟ್ಟೆ. ಪಟ್ಟಿ ಮೇಡಂ, "ಮೊನ್ನೆ ಫೋನ್ ಎತ್ತಿದ್ದೂ ನೀವೇ ಅಲ್ವಾ?" ಎಂದರು. "ಇಲ್ಲಿ ಎಷ್ಟೋ ಜನ ಎತ್ತುತ್ತಾರೆ" ಎಂದೆ. ಅಂದಿನಿಂದ ಅವರ ಮೇಜಿನ ಮುಂದೆ ಹಾದುಹೋಗುವಾಗಲೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ನನ್ನ ಹೆಗಲನ್ನು ನಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ನನಗೆ ಜಾಗ ಸಿಕ್ಕಿತೆಂದು ನಿನಗೆ ಹೇಳಿದಾಗ ನೀನು ಏನು ಮಾಡಿದೆ ಗೊತ್ತಲ್ಲ. ಅದೇ ನನಗೆ ಇವತ್ತಿಗೂ ನುಂಗಲಾಗದ ತುತ್ತು. ಮೊದಲ ಹೆಸರು ಬಿಟ್ಟು ಎರಡನೆಯವಳಿಗೆ ಹೇಗೆ ಸಿಕ್ಕಿತು ಎಂದು ನೀನು ಕೇಳಲಿಲ್ಲ. "ಮಕ್ಕಳಿರೋರಿಗೆ ಮೊದ್ಲು ಕೊಟ್ಟಿರ್ತಾರೆ, ಒಳ್ಳೇದಾಯ್ತು ಬಿಡು" ಎಂದು ನೀನೇ ಒಂದು ಕಾರಣ ಹುಡುಕಿ ನನ್ನ ಕೈಗೆ ಕೊಟ್ಟೆ. ನಾನು ಅದನ್ನೂ ತೆಗೆದುಕೊಂಡೆ. ಮೊದಲ ದಿನ ನೀನೂ ನಮ್ಮ ಜೊತೆ ಮೆಟ್ಟಿಲು ಹತ್ತಿ ಬಂದು, ಡಾಕ್ಟರಮ್ಮ ಚೂಟಿಯ ಎದೆಗೆ ಕೊಳವೆ ಇಟ್ಟು ಕೇಳುವಷ್ಟು ಹೊತ್ತೂ ಹೊರಗೆ ಅವಳ ಸ್ವೆಟರು ಹಿಡಿದುಕೊಂಡು ಕುಳಿತಿದ್ದೆ.

ಇಷ್ಟೇ ಆಗಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆನೇನೋ. ಎಲ್ಲರೂ ಸರದಿಯಲ್ಲಿ ಒಂದಿಷ್ಟು ನೂಕುತ್ತಾರೆ, ನಾನೂ ನೂಕಿದೆ ಎಂದು.

ಎರಡು ತಿಂಗಳ ಮೇಲೆ ನಿಮ್ಮವರು ಹಳೇ ಮನೆಯೊಂದಕ್ಕೆ ಬಣ್ಣ ಹೊಡೆಯುವಾಗ ಮೊಳೆ ತುಳಿದರು. ಶೂ ಬಿಚ್ಚಿದಾಗಲೇ ರಕ್ತ ನೋಡಿದರಂತೆ. ಔಷಧಿ ಅಂಗಡಿಯವರು ಒಂದು ಮುಲಾಮು ಕೊಟ್ಟರು. ವಾರವಾದರೂ ಗಾಯ ಕೂಡಲಿಲ್ಲ. ನೀನು ಪ್ರೆಸ್ಸು ಬಿಟ್ಟು ಕೌಂಟರಿಗೆ ಬಂದು ನನ್ನ ಕಿವಿಯ ಹತ್ತಿರ ಹೇಳಿದೆ: "ನೋವೇ ಇಲ್ಲ ಅಂತಾರೆ, ಏಣಿ ಹತ್ತಿ ಕೆಲ್ಸಾನೂ ಮಾಡ್ತಿದಾರೆ. ಅದೇ ನಂಗೆ ಭಯ. ಸಿಟಿಗೆ ಹೋಗೋಣ ಅಂದ್ರೆ, ಇಷ್ಟು ಗಾಯಕ್ಕೆ ಒಂದು ದಿನದ ಕೆಲ್ಸ ಬಿಡ್ಲಾ ಅಂತ ಬೈತಾರೆ. ನೀನು ಡಾಕ್ಟರಮ್ಮನ್ನ ಒಂದ್ಸಲ ಕೇಳ್ತೀಯಾ? ಪಟ್ಟಿಗೆ ಸೇರ್ಸೋದು ಬೇಡ. ಒಂದೇ ಸಲ ಕಾಲು ನೋಡಿದ್ರೆ ಸಾಕು."

ಮರುದಿನ ಚೂಟಿಯ ಉಬ್ಬಸಕ್ಕೆ ಬಾಯಿಗಿಟ್ಟು ಸೇದುವ ಪಂಪು ಬರೆಸಿಕೊಳ್ಳಲು ನಾನು ಹೋಗಬೇಕಿತ್ತು, ಹೋದೆ. ಡಾಕ್ಟರಮ್ಮ ಚೀಟಿ ಬರೆದುಕೊಟ್ಟು, ಕನ್ನಡಕ ತೆಗೆದು, "ಮತ್ತೇನಾದ್ರೂ ಕೇಳೋದಿದೆಯಾ?" ಎಂದರು. ಬಾಗಿಲು ಅರ್ಧ ತೆರೆದಿತ್ತು. ಆಚೆ ಪಟ್ಟಿ ಮೇಡಂ ಕುಳಿತಿರುವುದು ಕಾಣುತ್ತಿತ್ತು. ನಿನ್ನ ಹೆಸರು ನನ್ನ ಬಾಯಿಂದ ಬಂದ ಕೂಡಲೇ ಅವರು ತಲೆ ಎತ್ತುತ್ತಾರೆ, "ಅವರಿಗೆ ಫೋನ್ ಮಾಡಿದ್ವಲ್ಲ" ಎನ್ನುತ್ತಾರೆ ಎಂದು ನನಗೆ ಹೊಳೆಯಿತು. "ಏನಿಲ್ಲ ಡಾಕ್ಟ್ರೇ" ಎಂದು ಎದ್ದು ಬಂದೆ.

ಲಾಂಡ್ರಿಗೆ ಬಂದು ನಿನಗೆ ಏನು ಹೇಳಿದೆ? "ಕೇಳ್ದೆ ಕಣೆ. ಹೊಸಬರನ್ನ ನೋಡೋದೇ ಇಲ್ವಂತೆ, ಬಹಳ ಕಟ್ಟುನಿಟ್ಟು." ನೀನು ತಲೆಯಾಡಿಸಿ, "ಪಾಪ, ಅವರಾದ್ರೂ ಎಷ್ಟು ಜನಾನ್ನ ನೋಡ್ತಾರೆ" ಎಂದು ಮತ್ತೆ ಹಬೆಯೊಳಗೆ ಹೋದೆ.

ನಾನು ಕೇಳಿರಲಿಲ್ಲ. ಆ ಮಾತನ್ನು ನಾನು ಡಾಕ್ಟರಮ್ಮನ ಬಳಿ ಎತ್ತಲೇ ಇಲ್ಲ. ಇದನ್ನು ನಿನಗೆ ತಿಳಿಸಲೆಂದೇ ಲಕೋಟೆ ಹರಿದದ್ದು.

ಮುಂದಿನದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಹನ್ನೆರಡನೆಯ ದಿನ ಜ್ವರ. ಆಮೇಲೆ ಸಿಟಿ ಆಸ್ಪತ್ರೆ. ಮೈಯಲ್ಲಿ ಎಷ್ಟು ವರ್ಷದಿಂದಲೋ ಸಕ್ಕರೆ ಕಾಯಿಲೆ ಇತ್ತು, ಕಾಲಿಗೆ ನೋವು ತಿಳಿಯುವ ಶಕ್ತಿಯೇ ಹೋಗಿತ್ತು ಎಂದು ಅಲ್ಲಿ ಹೇಳಿದ್ದು. ಪಾದದ ಮುಂದಿನ ಅರ್ಧ ತೆಗೆದದ್ದು. ನಾನು ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ನೋಡಲು ಬಂದಾಗ ನಿಮ್ಮವರು ಹೊದಿಕೆಯ ಮೇಲಿಂದ ಕಾಲು ತೋರಿಸಿ, "ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರು ನೋಡಿ" ಎಂದು ನಕ್ಕರು. ನೀನೂ ನಕ್ಕೆ. ನಾನು ನೀರು ತರುತ್ತೇನೆ ಎಂದು ಹೊರಗೆ ಬಂದು, ತುಂಬಿದ್ದ ಬಾಟಲಿಯನ್ನೇ ಚೆಲ್ಲಿ ಮತ್ತೆ ತುಂಬಿಸಿದೆ.

ಆವತ್ತೇ ಹೇಳಬೇಕಿತ್ತು. ಏಣಿ ಹತ್ತಲಾಗದು ಎಂದು ಗೊತ್ತಾಗಿ, ನಿನ್ನ ಅಣ್ಣನ ಮನೆಗೆ ಹೋಗುತ್ತೇವೆ ಎಂದು ನೀನು ಗಂಟುಮೂಟೆ ಕಟ್ಟುವಾಗಲಾದರೂ ಹೇಳಬೇಕಿತ್ತು. ನಾನು ನಿನ್ನ ಪಾತ್ರೆಗಳಿಗೆ ಹಳೇ ಪೇಪರು ಸುತ್ತುತ್ತ ಕುಳಿತೆ. ಬಸ್ಸು ಹತ್ತುವಾಗ ನನ್ನನ್ನು ಅಪ್ಪಿಕೊಂಡು, "ನಿನ್ನಂಥೋಳು ಎಲ್ಲೂ ಸಿಗಲ್ಲ" ಎಂದೆ. ನಿಜ, ಸಿಗಬಾರದು ಕೂಡ.

ಈಗ ಯಾಕೆ ಹೇಳುತ್ತಿದ್ದೇನೆ ಎಂದು ನೀನು ಕೇಳಬಹುದು. ಎರಡು ವರ್ಷ ನಾನು ಒಂದು ಸಮಾಧಾನ ಕಟ್ಟಿಕೊಂಡಿದ್ದೆ. ಕೇಳಿದ್ದರೂ ಡಾಕ್ಟರಮ್ಮ ಇಲ್ಲ ಎನ್ನುತ್ತಿದ್ದರು, ಪಟ್ಟಿ ಎಂದರೆ ಪಟ್ಟಿ, ನಾನು ಅವರ ಮಾತನ್ನೇ ಮುಂಚಿತವಾಗಿ ಹೇಳಿದೆ ಅಷ್ಟೆ ಎಂದು. ನಿನ್ನ ಪತ್ರ ತೆಗೆದುಕೊಂಡು ಶುಕ್ರವಾರ ಸಂಜೆ ಕ್ಲಿನಿಕ್ಕಿಗೆ ಹೋದೆ. ಜಾಗ ಕೇಳಿ ಬರುವುದಷ್ಟೇ ನನ್ನ ಉದ್ದೇಶವಿತ್ತು. ಡಾಕ್ಟರಮ್ಮ, "ಅವರಿಗೆ ಮೊದಲಿಂದ ಏನಾದ್ರೂ ಕಾಯಿಲೆ ಇದೆಯಾ?" ಎಂದು ಕೇಳಿದರು. ಸಕ್ಕರೆ, ಪಾದ, ಮೊಳೆ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ, "ಆಗ ನೀವು ಹೊಸಬರನ್ನ ನೋಡ್ತಿರ್ಲಿಲ್ವಲ್ಲ" ಎಂಬ ಮಾತು ಬಾಯಿ ತಪ್ಪಿ ಬಂತು.

ಅವರು ಪೆನ್ನು ಕೆಳಗಿಟ್ಟರು. "ಯಾರು ಹೇಳಿದ್ದು ನಿಮಗೆ? ಪಟ್ಟಿ ಇರೋದು ವರ್ಷಾನುಗಟ್ಟಲೆ ನೋಡ್ಕೊಳ್ಳೋ ಕುಟುಂಬಕ್ಕೆ. ಗಾಯ ಇಟ್ಕೊಂಡು ಬಂದವರನ್ನ ಪಟ್ಟೀಲಿ ಇದೀರಾ ಅಂತ ನಾನ್ಯಾಕೆ ಕೇಳ್ಲಿ? ಮೆಟ್ಟಿಲು ಹತ್ತೋಕಾಗದಿದ್ರೆ ನಾನೇ ಇಳಿದು ಹೋಗಿ ನೋಡ್ತಿದ್ದೆ. ಒಂದು ವಾರದ ಗಾಯ, ನೋವಿಲ್ಲ ಅಂದ್ರೆ ಸಾಕು, ಅವತ್ತೇ ರಕ್ತ ತೆಗೆದು ಸಕ್ಕರೆ ನೋಡ್ತಿದ್ದೆ."

"ಪಾದ ಉಳೀತಿತ್ತಾ?" ಎಂದು ಕೇಳಿದೆ. ಅವರು, "ನಾನು ಕಾಲು ನೋಡಿಲ್ಲ, ಖಂಡಿತ ಅಂತ ಹೇಳಲಾರೆ. ಉಳಿಯೋ ಸಾಧ್ಯತೇನೇ ಹೆಚ್ಚಿತ್ತು" ಎಂದರು.

ಆ ಕುರ್ಚಿಯ ಮೇಲೆ ಕುಳಿತೇ ಎಲ್ಲ ಹೇಳಿಬಿಟ್ಟೆ. ಫೋನಿನದು, ಚೀಟಿಯದು, "ಏನಿಲ್ಲ ಡಾಕ್ಟ್ರೇ" ಎಂದದ್ದು. ನನ್ನ ಹೆಸರು ಹೊಡೆದುಹಾಕಿ ಆ ಜಾಗ ನಿಮಗೆ ಕೊಡಿ ಎಂದೂ ಬೇಡಿದೆ. ಅವರಿಗೆ ಸಿಟ್ಟು ಬಂದಿತ್ತು, ಮುಚ್ಚಿಡಲಿಲ್ಲ. "ನಿಮ್ಮ ಮಗಳ ಶ್ವಾಸಕೋಶ ಏನು ತಪ್ಪು ಮಾಡಿದೆ? ಅವರಿಗೆ ಬೇರೆ ಜಾಗ ಇದೆ, ಕೊಡ್ತೀನಿ. ನಿಮ್ಮ ಮನಸ್ಸು ಹಗುರ ಆಗ್ಲಿ ಅಂತ ನಾನು ಹೆಸರು ಹೊಡೆಯೋದಿಲ್ಲ" ಎಂದರು. ನಿನಗೆ ಅವರು ಹೇಳುತ್ತಾರಾ ಎಂದು ಕೇಳಿದೆ. "ಅದು ನನ್ನ ಕೆಲ್ಸ ಅಲ್ಲ" ಎಂದು ಅರ್ಜಿಯನ್ನು ನನ್ನ ಮುಂದೆ ತಳ್ಳಿದರು.

ಮನೆಗೆ ಬಂದು ಅರ್ಜಿಯಲ್ಲಿ ನಿಮ್ಮ ವಿವರ ತುಂಬಿದೆ. ಫೋನ್ ನಂಬರಿನ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಅಲ್ಲಿ ನಿನ್ನ ಸ್ವಂತ ನಂಬರು ಬರೆ, ಇನ್ಯಾರದ್ದೂ ಬೇಡ. ಹೊಸ ಡಾಕ್ಟರು ಕೆಳಗಿನ ಕೋಣೆಯಲ್ಲೇ ಕುಳಿತುಕೊಳ್ಳುತ್ತಾರೆ, ನಿಮ್ಮವರಿಗೆ ಮೆಟ್ಟಿಲ ಕಾಟವಿಲ್ಲ. ಹಳೇ ರಕ್ತಪರೀಕ್ಷೆಯ ಕಾಗದಗಳನ್ನೂ ಆಸ್ಪತ್ರೆಯ ಚೀಟಿಗಳನ್ನೂ ತರಬೇಕಂತೆ, ಒಂದನ್ನೂ ಬಿಸಾಡಬೇಡ.

ಕ್ಷಮಿಸು ಎಂದು ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದೆ. ಅದನ್ನು ಕೇಳಿದರೆ ನೀನು ಕೊಟ್ಟುಬಿಡುತ್ತೀಯ ಎಂಬ ಹೆದರಿಕೆ. ನೀನು ಕೊಡುಗೈಯವಳು, ನನ್ನ ಪಾಲಿಗೆ ಮೊದಲಿಂದಲೂ. ಬೈಯಬೇಕೆನಿಸಿದರೆ ಬೈ, ಮುಖ ನೋಡಬಾರದೆನಿಸಿದರೆ ನೋಡಬೇಡ. ಬೀದಿಯಲ್ಲಿ ಎದುರಾದರೆ ನಾನೇ ಆಚೆ ಬದಿಗೆ ದಾಟಿಕೊಳ್ಳುತ್ತೇನೆ. ಆದರೆ ನನ್ನ ಮೇಲಿನ ಸಿಟ್ಟಿಗೆ ಊರಿಗೆ ಬರುವುದನ್ನು ನಿಲ್ಲಿಸಬೇಡ. ಡಾಕ್ಟರಮ್ಮ ಒಳ್ಳೆಯವರು. ನಿಮ್ಮವರ ಇನ್ನೊಂದು ಕಾಲನ್ನು ಅವರು ತಿಂಗಳಿಗೊಮ್ಮೆ ನೋಡಲೇಬೇಕು ಎಂದಿದ್ದಾರೆ.

ಚೂಟಿಗೆ ಇನ್ನೂ ಏನೂ ಹೇಳಿಲ್ಲ. ಹೇಳುತ್ತೇನೆ, ನಿನ್ನ ಉತ್ತರ ಬರಲಿ ಬಾರದಿರಲಿ.

ನಿನಗೆ ಮುಖ ತೋರಿಸಲಾರದ,
ಚೀಟಿಯಕ್ಕ

ಮತ್ತೆ ಬರೆದದ್ದು: ಒಂದು ವಿಷಯ ಬಚ್ಚಿಟ್ಟೇ ಸಹಿ ಹಾಕಿದೆ. ನಿಮ್ಮವರಿಗೆ ಫೋನಿನ ವಿಷಯ ಗೊತ್ತು. ನೀವು ಊರು ಬಿಡುವ ಹಿಂದಿನ ವಾರ ಊರುಗೋಲು ಊರಿಕೊಂಡು, ನೀನಿಲ್ಲದ ಹೊತ್ತು ನೋಡಿ ಕೌಂಟರಿಗೆ ಬಂದಿದ್ದರು. ಸಿಟಿ ಆಸ್ಪತ್ರೆಯ ಚೀಟಿ ಹಿಡಿದು ಅದೇ ಕ್ಲಿನಿಕ್ಕಿನ ನರ್ಸಿನ ಹತ್ತಿರ ಬ್ಯಾಂಡೇಜು ಬದಲಿಸಿಕೊಳ್ಳಲು ಹೋದಾಗ ಪಟ್ಟಿ ಮೇಡಂ ಹೇಳಿದರಂತೆ, ಫೋನ್ ಮಾಡಿದ್ದೆವು, ಲಾಂಡ್ರಿಯಲ್ಲಿ ಒಬ್ಬ ಹೆಂಗಸು ಎತ್ತಿದ್ದಳು ಎಂದು. ನಾನು ಅಳಲು ಶುರುಮಾಡಿದೆ. ಅವರು ಹಿಂದೆ ಗಾಜಿನ ಕಡೆ ನೋಡುತ್ತ ಮೆಲ್ಲಗೆ, "ಅವಳಿಗೆ ಹೇಳ್ಬೇಡಿ. ಕಾಲು ಹೋಗಿದ್ದು ಹೋಯ್ತು. ನೀವೂ ಹೋದ್ರೆ ಅವಳಿಗೆ ಕಾಗದ ಬರೆಯೋಕೂ ಒಬ್ರು ಇರಲ್ಲ" ಎಂದರು. ಎರಡು ವರ್ಷ ನಾನು ಆ ಮಾತಿನ ಮರೆಯಲ್ಲಿ ನಿಂತೆ. ಅವರ ಮೇಲೆ ಸಿಟ್ಟಾಗಬೇಡ. ಕಾಲಿನ ವಿಷಯ ನಾನು ಡಾಕ್ಟರಮ್ಮನ ಹತ್ತಿರ ಕೇಳಲೇ ಇಲ್ಲ ಎಂಬುದು ಮಾತ್ರ ಅವರಿಗೂ ಗೊತ್ತಿಲ್ಲ. ಅದನ್ನು ಅವರಿಗೆ ನೀನೇ ಓದಿ ಹೇಳಬೇಕಾಗುತ್ತದೆ.